ಸಣ್ಣ ಆ್ಯಪ್ ಬಿಡುಗಡೆಗೆ ಸಮಗ್ರ ಮಾರ್ಗದರ್ಶಿ: ಸ್ಟೋರ್‌ಗೆ ಹಾಕುವುದು ಹೇಗೆ, ಬಳಸುವವರ ಬಾಯಿ ಬಿಡಿಸುವುದು ಹೇಗೆ

ಒಬ್ಬರೇ ಕೂತು ಆ್ಯಪ್ ಮಾಡಿದವರು ಸಾಮಾನ್ಯವಾಗಿ ಒಂದು ಲೆಕ್ಕ ಹಾಕಿಕೊಂಡಿರುತ್ತಾರೆ: ಮೊದಲು ಸ್ಟೋರ್‌ಗೆ ಹಾಕೋಣ, ಜನ ಬರಲಿ, ಅವರು ಹೇಳಿದ ಹಾಗೆ ತಿದ್ದೋಣ. ಈ ಲೆಕ್ಕದಲ್ಲಿ ಒಂದು ತೊಂದರೆ ಇದೆ. ಜನ ಹೇಳುವುದಿಲ್ಲ. ಇಷ್ಟವಾಗದಿದ್ದರೆ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿ ಹೋಗುತ್ತಾರೆ. ಪರಿಚಯದವರಾದರೆ "ಸೂಪರ್ ಆಗಿದೆ" ಅಂದು ಹೋಗುತ್ತಾರೆ. ಮುಂದಿನ ಅಪ್‌ಡೇಟ್‌ನಲ್ಲಿ ಏನು ಮಾಡಬೇಕು ಅನ್ನುವುದು ಎರಡರಿಂದಲೂ ಗೊತ್ತಾಗುವುದಿಲ್ಲ.

ಹಾಗಾಗಿ ಬಿಡುಗಡೆಯನ್ನೂ ಫೀಡ್‌ಬ್ಯಾಕನ್ನೂ ಇಲ್ಲಿ ಒಟ್ಟಿಗೇ ಹೇಳುತ್ತಿದ್ದೇನೆ. ಫೀಡ್‌ಬ್ಯಾಕ್ ಬರುವ ದಾರಿಯನ್ನು ಬಿಡುಗಡೆಗೆ ಮೊದಲೇ ಮಾಡಿಡಬೇಕು. ಬಂದ ಮೇಲೆ, ಜನ ಏನು ಅಂದರು ಅನ್ನುವುದಕ್ಕಿಂತ ಏನು ಮಾಡಿದರು ಅನ್ನುವುದನ್ನು ಜಾಸ್ತಿ ನಂಬಬೇಕು.

ಕೋಡ್ ಹೆಚ್ಚುಕಡಿಮೆ ಮುಗಿದಿದೆ ಅಂತ ಇಟ್ಟುಕೊಳ್ಳೋಣ. ಉದಾಹರಣೆಗೆ ಒಂದು ಪುಟ್ಟ ಆ್ಯಪ್ ಊಹಿಸಿಕೊಳ್ಳಿ: ಯಾರಿಗೆ ಯಾವ ವಸ್ತು ಎರವಲು ಕೊಟ್ಟಿದ್ದೇವೆ ಅಂತ ಬರೆದಿಟ್ಟು, ವಾಪಸ್ ಕೇಳಲು ನೆನಪಿಸುವ ಆ್ಯಪ್.

ಈ ಬಿಡುಗಡೆಯಿಂದ ಏನು ತಿಳಿಯಬೇಕು?

ಎಲ್ಲಕ್ಕಿಂತ ಮೊದಲು ಎರಡು ವಾಕ್ಯ ಬರೆದುಕೊಳ್ಳಿ. ಒಂದು, ಈ ಆ್ಯಪ್ ಯಾರಿಗೆ ಏನು ಮಾಡಿಕೊಡುತ್ತದೆ. ಇನ್ನೊಂದು, ಈ ವರ್ಷನ್‌ನಿಂದ ನಿಮಗೆ ಉತ್ತರ ಸಿಗಬೇಕಾದ ಒಂದೇ ಒಂದು ಪ್ರಶ್ನೆ.

"ಜನಕ್ಕೆ ಇಷ್ಟ ಆಗುತ್ತಾ?" ಅಂತ ಬರೆದರೆ ಪ್ರಯೋಜನವಿಲ್ಲ. ಹೌದು ಅಂದರೂ ಇಲ್ಲ ಅಂದರೂ ನೀವು ಮಾಡುವ ಕೆಲಸ ಬದಲಾಗುವುದಿಲ್ಲ. "ವಸ್ತು ಕೊಟ್ಟ ಹೊತ್ತಿನಲ್ಲೇ ಜನ ಆ್ಯಪ್ ತೆರೆದು ಬರೆಯುತ್ತಾರಾ, ಇಲ್ಲ ಹತ್ತು ದಿನ ಕಳೆದು ನೆನಪಾದಾಗ ಬರೆಯುತ್ತಾರಾ?" ಇದು ಸರಿಯಾದ ಪ್ರಶ್ನೆ. ಉತ್ತರ ಮೊದಲನೆಯದಾದರೆ ಎರಡೇ ಒತ್ತಿನಲ್ಲಿ ಸೇರಿಸುವ ಹಾಗೆ ಮಾಡಬೇಕು. ಎರಡನೆಯದಾದರೆ ಹಳೆಯ ತಾರೀಕು ಹಾಕುವುದು ಸುಲಭವಾಗಬೇಕು. ನೋಡಿ, ಉತ್ತರ ಯಾವುದಾದರೂ ಕೆಲಸ ಸಿಕ್ಕಿತು.

ಪ್ರಶ್ನೆ ಬರೆದ ಮೇಲೆ, ಅದಕ್ಕೆ ಸಂಬಂಧ ಇಲ್ಲದ ಫೀಚರ್‌ಗಳನ್ನು ಸದ್ಯಕ್ಕೆ ತೆಗೆದುಹಾಕಿ. ಥೀಮ್ ಬದಲಿಸುವುದು, ಚಾರ್ಟ್ ತೋರಿಸುವುದು, ಬೇರೆಯವರ ಜೊತೆ ಹಂಚಿಕೊಳ್ಳುವುದು, ಎಲ್ಲ ಆಮೇಲೆ. ಫೀಚರ್ ಜಾಸ್ತಿಯಾದಷ್ಟೂ ಫೀಡ್‌ಬ್ಯಾಕ್ ಚೆಲ್ಲಾಪಿಲ್ಲಿಯಾಗುತ್ತದೆ. ಒಬ್ಬರು ಬಣ್ಣದ ಬಗ್ಗೆ ಹೇಳುತ್ತಾರೆ, ಇನ್ನೊಬ್ಬರು ಚಾರ್ಟ್ ಬಗ್ಗೆ. ಮುಖ್ಯ ಕೆಲಸದ ಬಗ್ಗೆ ಯಾರೂ ಹೇಳುವುದಿಲ್ಲ.

ಖಾತೆ, ಹೆಸರು, ಕೀ

ಖಾತೆ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಗೂಗಲ್ ಪ್ಲೇ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್, ಆ್ಯಪಲ್‌ನದ್ದಕ್ಕೆ ವರ್ಷಕ್ಕೆ 99 ಡಾಲರ್. ಎರಡೂ ಕಡೆ ಗುರುತು ಪರಿಶೀಲನೆ ಇರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಬರೀ ಪ್ರಯೋಗಕ್ಕೆ ಅಂತಾದರೆ ಒಂದೇ ಪ್ಲಾಟ್‌ಫಾರ್ಮ್‌ನಿಂದ ಶುರು ಮಾಡಿ. ನಿಮ್ಮ ಬಳಕೆದಾರರ ಕೈಯಲ್ಲಿ ಯಾವ ಫೋನ್ ಇದೆಯೋ ಅದು, ನಿಮ್ಮ ಕೈಯಲ್ಲಿರುವುದಲ್ಲ.

ಆಂಡ್ರಾಯ್ಡ್‌ನಲ್ಲಿ ಪ್ಯಾಕೇಜ್ ಹೆಸರನ್ನು (ಆ್ಯಪನ್ನು ಸ್ಟೋರ್ ಗುರುತಿಸುವ ಒಳಹೆಸರು) ಒಮ್ಮೆ ಪ್ರಕಟಿಸಿದರೆ ಮುಗಿಯಿತು, ಬದಲಿಸಲು ಆಗುವುದಿಲ್ಲ. ಆ್ಯಪ್ ಹೆಸರು ಬೇಕಾದರೆ ಬದಲಿಸಬಹುದು. ಹೊಸ ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ಗೆ ಹಾಕಲು 2021ರ ಆಗಸ್ಟ್‌ನಿಂದ ಆ್ಯಪ್ ಬಂಡಲ್ ಅನ್ನುವ ಫೈಲ್ ರೂಪವೇ ಬೇಕು. ಆ್ಯಪ್ ನಿಮ್ಮದೇ ಅಂತ ತೋರಿಸುವ ಡಿಜಿಟಲ್ ಸಹಿ ಹಾಕುವ ಮುಖ್ಯ ಕೀಯನ್ನು ಗೂಗಲ್ ಇಟ್ಟುಕೊಳ್ಳುತ್ತದೆ, ನಿಮ್ಮ ಹತ್ತಿರ ಇರುವುದು ಅಪ್‌ಲೋಡ್ ಕೀ. ಅದು ಕಳೆದುಹೋದರೆ ಹೊಸದು ಕೇಳಿ ಪಡೆಯಬಹುದು, ಆದರೂ ಎರಡು ಕಡೆ ಬ್ಯಾಕಪ್ ಇಡಿ. ಸಂಪರ್ಕಕ್ಕೆ ಅಂತ ಬೇರೆಯೇ ಒಂದು ಇಮೇಲ್ ಮಾಡಿಕೊಳ್ಳಿ, ಅದು ಸ್ಟೋರ್ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ.

ಫೀಡ್‌ಬ್ಯಾಕ್ ದಾರಿಯನ್ನು ಆ್ಯಪ್ ಒಳಗೇ ಹಾಕಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕೆಲಸ ಇರುವುದು ಹೆಚ್ಚೆಂದರೆ ಒಂದು ದಿನದ್ದು.

ಮೊದಲು ಕ್ರ್ಯಾಶ್ ವರದಿ, ಅಂದರೆ ಆ್ಯಪ್ ತಟ್ಟನೆ ಮುಚ್ಚಿಹೋದಾಗ ಅದರ ವಿವರ ನಿಮಗೆ ಕಳಿಸುವ ಸಾಧನ. ಫೈರ್‌ಬೇಸ್ ಕ್ರ್ಯಾಶ್‌ಲಿಟಿಕ್ಸ್, ಸೆಂಟ್ರಿ, ಯಾವುದಾದರೂ ಸರಿ. ಆ್ಯಪ್ ಬಿದ್ದಾಗ ಕೋಡಿನ ಯಾವ ಸಾಲಿನಲ್ಲಿ ಬಿತ್ತು ಅಂತ ಬಳಕೆದಾರರು ಹೇಳಲಾರರು. ಅವರಿಗೆ ಗೊತ್ತಿರುವುದು "ಓಪನ್ ಆಗ್ತಿಲ್ಲ" ಅಂತ ಮಾತ್ರ.

ಎರಡನೆಯದು, ಸೆಟ್ಟಿಂಗ್ಸ್‌ನಲ್ಲಿ ಅಡಗಿಸದೆ ಮುಖ್ಯ ಮೆನುವಿನಲ್ಲೇ ಕಾಣುವ "ನಮಗೆ ಬರೆಯಿರಿ" ಬಟನ್. ಅದನ್ನು ಒತ್ತಿದರೆ ಇಮೇಲ್ ತೆರೆಯಬೇಕು, ಅದರ ಕೆಳಗೆ ಆ್ಯಪ್ ವರ್ಷನ್, ಫೋನ್ ಮಾಡೆಲ್, ಆಪರೇಟಿಂಗ್ ಸಿಸ್ಟಂ ವರ್ಷನ್ ಮೊದಲೇ ತುಂಬಿರಬೇಕು. ಇಲ್ಲದಿದ್ದರೆ ಪ್ರತಿ ಬಗ್‌ಗೂ "ಯಾವ ಫೋನ್?" ಅಂತ ಕೇಳುವುದರಲ್ಲೇ ಎರಡು ದಿನ ಹೋಗುತ್ತದೆ, ಅಷ್ಟರಲ್ಲಿ ಅವರ ಉತ್ಸಾಹವೂ ಹೋಗಿರುತ್ತದೆ. ಹತ್ತು ಪ್ರಶ್ನೆಗಳ ಫಾರ್ಮ್ ಬೇಡ. ಬರೆಯಲು ಖಾಲಿ ಜಾಗ ಕೊಡಿ, ಮೇಲೆ ಒಂದೇ ಸಾಲು ಇರಲಿ: "ನೀವು ಏನು ಮಾಡಲು ಹೊರಟಿದ್ದಿರಿ, ಏನಾಯಿತು?"

ಮೂರನೆಯದು, ಬೆರಳೆಣಿಕೆಯಷ್ಟು ಈವೆಂಟ್‌ಗಳು, ಅಂದರೆ ಬಳಕೆದಾರರು ಏನು ಮಾಡಿದರು ಅಂತ ಆ್ಯಪ್ ನಿಮಗೆ ಕಳಿಸುವ ದಾಖಲೆಗಳು. ನಮ್ಮ ಉದಾಹರಣೆಯಲ್ಲಾದರೆ: ಮೊದಲ ವಸ್ತು ಸೇರಿಸಿದರು, ಎರಡನೆಯದು ಸೇರಿಸಿದರು, ನೆನಪಿಸುವ ಸಂದೇಶ ಒತ್ತಿ ಒಳಗೆ ಬಂದರು, ವಾಪಸ್ ಬಂತು ಅಂತ ಗುರುತು ಹಾಕಿದರು. ಇಷ್ಟು ಸಾಕು. ಪ್ರತಿ ಬಟನ್ನಿಗೂ ಈವೆಂಟ್ ಹಾಕಿದರೆ ಆ ಡೇಟಾ ರಾಶಿಯನ್ನು ನೀವೇ ತೆರೆದು ನೋಡುವುದಿಲ್ಲ. ವಸ್ತುವಿನ ಹೆಸರು, ಸ್ನೇಹಿತರ ಹೆಸರು ಅಂಥದ್ದನ್ನೆಲ್ಲ ಖಂಡಿತ ಕಳಿಸಬೇಡಿ.

ಕಳಿಸುವುದನ್ನು ಮುಚ್ಚಿಡುವಂತಿಲ್ಲ ಅನ್ನುವುದೂ ನೆನಪಿರಲಿ. ಪ್ಲೇ ಸ್ಟೋರ್‌ನ ಡೇಟಾ ಸೇಫ್ಟಿ ಫಾರ್ಮ್‌ನಲ್ಲಿಯೂ ಆ್ಯಪ್ ಸ್ಟೋರ್‌ನ ಪ್ರೈವೆಸಿ ವಿವರಗಳಲ್ಲಿಯೂ ನೀವು ಸೇರಿಸಿದ ಲೈಬ್ರರಿಗಳು (ಬೇರೆಯವರು ಬರೆದ ಸಿದ್ಧ ಕೋಡ್) ಸಂಗ್ರಹಿಸುವ ಡೇಟಾ ಕೂಡ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಪ್ರೈವೆಸಿ ಪಾಲಿಸಿ ಪುಟ ಬೇಕು. ಖಾತೆ ತೆರೆಯಲು ಬಿಟ್ಟರೆ ಖಾತೆ ಅಳಿಸುವ ದಾರಿಯೂ ಆ್ಯಪ್ ಒಳಗೇ ಇರಬೇಕು. ಆ್ಯಪಲ್ 2022ರ ಜೂನ್ 30ರಿಂದ ಇದನ್ನು ಕಡ್ಡಾಯ ಮಾಡಿದೆ, ಗೂಗಲ್ ಕೂಡ ಕೇಳುತ್ತದೆ. ನನ್ನನ್ನು ಕೇಳಿದರೆ, ಮೊದಲ ವರ್ಷನ್‌ಗೆ ಲಾಗಿನ್ನೇ ಬೇಡ. ಎಲ್ಲ ಫೋನಿನಲ್ಲೇ ಇರಲಿ. ನಿಮಗೂ ಕೆಲಸ ಕಡಿಮೆ, ಹೊಸಬರಿಗೂ ಬಾಗಿಲಲ್ಲೇ ತಡೆ ಇರುವುದಿಲ್ಲ.

ಐದು ಜನರ ಪಕ್ಕ ಕೂತು ನೋಡಿ

ಸ್ಟೋರ್‌ಗೆ ಹಾಕುವ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ. ಐದು ಜನ ಯಾಕೆ? ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕದ ಪ್ರಕಾರ, ಐದು ಜನ ಬಳಸುವುದನ್ನು ನೋಡಿದರೆ ಬಳಕೆಯ ತೊಂದರೆಗಳಲ್ಲಿ ಸುಮಾರು 85% ಕಣ್ಣಿಗೆ ಬೀಳುತ್ತವೆ. ಪ್ರತಿಯೊಬ್ಬರೂ ಸರಾಸರಿ 31% ತೊಂದರೆಗಳನ್ನು ತೋರಿಸಿಕೊಡುತ್ತಾರೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು, ಎಲ್ಲ ಆ್ಯಪ್‌ಗೂ ಹಾಗೇ ಕೂರುವುದಿಲ್ಲ. ಆದರೆ ಅವರ ಸಲಹೆಯ ಮುಖ್ಯ ಭಾಗ ಬೇರೆ. ಒಂದೇ ಸಲ 15 ಜನರನ್ನು ಕೂರಿಸುವ ಬದಲು, ಐದು ಜನರನ್ನು ನೋಡಿ, ತಿದ್ದಿ, ಮತ್ತೆ ಹೊಸ ಐದು ಜನರನ್ನು ನೋಡಿ. ತಿದ್ದಿದ್ದು ನಿಜವಾಗಿ ಸರಿಹೋಯಿತಾ ಅಂತ ಎರಡನೆಯ ಸುತ್ತಿನಲ್ಲಷ್ಟೇ ಗೊತ್ತಾಗುವುದು.

ಹೇಗೆ ಕೂರುವುದು? ಅವರ ಫೋನಿನಲ್ಲೇ ಆ್ಯಪ್ ಹಾಕಿಸಿ. ಅಕ್ಷರ ದೊಡ್ಡದು ಮಾಡಿಟ್ಟಿರುತ್ತಾರೆ, ಡಾರ್ಕ್ ಮೋಡ್ ಇರುತ್ತದೆ, ಸ್ಟೋರೇಜ್ ತುಂಬಿರುತ್ತದೆ, ನೋಟಿಫಿಕೇಶನ್ ಎಲ್ಲ ಬಂದ್ ಮಾಡಿರುತ್ತಾರೆ. ನಿಮ್ಮ ಫೋನಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆಮೇಲೆ ಒಂದು ಕೆಲಸ ಕೊಡಿ: "ನೀವು ನಿನ್ನೆ ಸ್ನೇಹಿತರಿಗೆ ಒಂದು ಡ್ರಿಲ್ ಮಷಿನ್ ಕೊಟ್ಟಿದ್ದೀರಿ. ಮುಂದಿನ ವಾರ ನೆನಪಾಗುವ ಹಾಗೆ ಮಾಡಿ." ಬಟನ್ನಿನ ಹೆಸರು ನಿಮ್ಮ ಬಾಯಿಂದ ಬರಬಾರದು. "ಮೇಲಿರುವ ಪ್ಲಸ್ ಒತ್ತಿ" ಅಂದಿರೋ, ಆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳುತ್ತಾ ಮಾಡಲು ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ. ಕಷ್ಟ ಇರುವುದು ಇದೇ. ನಾವೇ ಮಾಡಿದ್ದರಲ್ಲಿ ಒಬ್ಬರು ಎಡವುತ್ತಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತದೆ. ತಡೆದುಕೊಳ್ಳಿ. "ಈಗ ಏನು ಮಾಡಲಿ?" ಅಂತ ಕೇಳಿದರೆ "ನಾನು ಇಲ್ಲಿ ಇಲ್ಲದಿದ್ದರೆ ಏನು ಮಾಡ್ತಿದ್ರಿ?" ಅಂತ ತಿರುಗಿ ಕೇಳಿ.

ಎಲ್ಲಿ ಬೆರಳು ನಿಂತಿತು, ಎಲ್ಲಿ ಹಿಂದೆ ಹೋದರು, ಏನು ಓದದೇ ಬಿಟ್ಟರು, ಇದಿಷ್ಟನ್ನೇ ಬರೆದುಕೊಳ್ಳಿ. ಕೊನೆಯಲ್ಲಿ "ಹೇಗಿದೆ?" ಅಂತ ಕೇಳುವ ಚಟ ಬಿಡಿ. ಮುಖ ನೋಡಿಕೊಂಡು ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ. "ಇಂಥ ಆ್ಯಪ್ ಇದ್ದರೆ ಬಳಸ್ತೀರಾ?" ಕೂಡ ಅಷ್ಟೇ, ಮುಂದಿನ ದಿನಗಳ ಬಗ್ಗೆ ಎಲ್ಲರೂ ಧಾರಾಳವಾಗಿ ಹೌದು ಅನ್ನುತ್ತಾರೆ. ಆಗಿಹೋದದ್ದನ್ನು ಕೇಳಿ. "ಕೊನೆಯ ಸಲ ಯಾವ ವಸ್ತು ಕೊಟ್ಟು ಮರೆತಿರಿ? ಆಗ ಏನು ಮಾಡಿದಿರಿ? ಈಗ ಎಲ್ಲಿ ಬರೆದಿಡ್ತೀರಿ?" ಎಲ್ಲೂ ಬರೆದಿಡುವುದಿಲ್ಲ, ಅದರಿಂದ ತೊಂದರೆಯೂ ಆಗಿಲ್ಲ ಅಂತ ನಾಲ್ಕು ಜನ ಹೇಳಿದರೆ, ಕಹಿಯಾದರೂ ಅದು ಒಳ್ಳೆಯ ಫೀಡ್‌ಬ್ಯಾಕ್.

ಮುಚ್ಚಿದ ಪರೀಕ್ಷೆ

ಗೂಗಲ್ ಪ್ಲೇನಲ್ಲಿ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ನಿಯಮ ಇದೆ. ಕ್ಲೋಸ್ಡ್ ಟೆಸ್ಟಿಂಗ್‌ನಲ್ಲಿ (ನೀವು ಕರೆದವರಿಗಷ್ಟೇ ಆ್ಯಪ್ ಸಿಗುವ ಪರೀಕ್ಷೆ) ಕನಿಷ್ಠ 12 ಟೆಸ್ಟರ್‌ಗಳು ಸತತವಾಗಿ 14 ದಿನ ಸೇರಿಕೊಂಡಿರಬೇಕು, ಆಮೇಲೆಯೇ ಎಲ್ಲರಿಗೂ ಬಿಡಲು ಅನುಮತಿ ಕೇಳಬಹುದು. ಮೊದಲು ಇದು 20 ಇತ್ತು, ಆಮೇಲೆ ಇಳಿಸಿದರು. ಅನುಮತಿ ಕೇಳುವ ಫಾರ್ಮ್‌ನಲ್ಲಿ ಟೆಸ್ಟರ್‌ಗಳಿಂದ ಏನು ತಿಳಿಯಿತು, ಏನು ಬದಲಿಸಿದಿರಿ ಅಂತಲೂ ಕೇಳುತ್ತಾರೆ. ಮಧ್ಯದಲ್ಲಿ ಕೆಲವರು ಬಿಟ್ಟುಹೋಗುವುದು ಸಹಜ, ಹಾಗಾಗಿ 12ಕ್ಕೆ ನಿಲ್ಲಿಸದೆ ಇನ್ನೂ ಕೆಲವರನ್ನು ಸೇರಿಸಿಕೊಳ್ಳಿ.

"ನನ್ನ ಆ್ಯಪ್ ನೀನು ಹಾಕಿಕೋ, ನಿನ್ನದು ನಾನು ಹಾಕಿಕೊಳ್ತೀನಿ" ಅನ್ನುವ ಗುಂಪುಗಳು ಸಾಕಷ್ಟಿವೆ. ಅಲ್ಲಿ ಸಂಖ್ಯೆ ತುಂಬುತ್ತದೆ. ಆದರೆ ಅವರ್ಯಾರೂ ನಿಮ್ಮ ಬಳಕೆದಾರರಲ್ಲ, 14 ದಿನ ಸುಮ್ನೆ ವ್ಯರ್ಥವಾಗುತ್ತದೆ. ಆ ತೊಂದರೆ ನಿಜವಾಗಿ ಇರುವ ಎಂಟು ಜನ ಸಿಕ್ಕರೂ ಅವರಿಂದ ಸಿಗುವುದೇ ಬೇರೆ. ಉಳಿದ ಜಾಗಕ್ಕೆ ಬೇಕಾದರೆ ಪರಿಚಯದವರನ್ನು ತುಂಬಿಕೊಳ್ಳಿ, ಆದರೆ ಇಬ್ಬರ ಮಾತನ್ನೂ ಬೇರೆ ಬೇರೆ ಇಟ್ಟು ನೋಡಿ.

ಐಫೋನಿಗೆ ಇದೇ ಕೆಲಸಕ್ಕೆ ಆ್ಯಪಲ್‌ನ ಟೆಸ್ಟ್‌ಫ್ಲೈಟ್ ಇದೆ. ಹೊರಗಿನ ಟೆಸ್ಟರ್‌ಗಳು 10,000 ತನಕ ಇರಬಹುದು, ಒಂದು ಬಿಲ್ಡ್ (ಪರೀಕ್ಷೆಗೆ ಕೊಡುವ ಆ್ಯಪ್‌ನ ಒಂದು ಪ್ರತಿ) 90 ದಿನ ಓಡುತ್ತದೆ. ಹೊರಗಿನವರಿಗೆ ಕೊಡುವ ಮೊದಲ ಬಿಲ್ಡನ್ನು ಆ್ಯಪಲ್ ಪರಿಶೀಲಿಸುತ್ತದೆ, ಅದಕ್ಕೆ ಸಮಯ ಬಿಟ್ಟುಕೊಳ್ಳಿ. ಟೆಸ್ಟರ್‌ಗಳು ಸ್ಕ್ರೀನ್‌ಶಾಟ್ ತೆಗೆದು ಅಲ್ಲಿಂದಲೇ ಟಿಪ್ಪಣಿ ಕಳಿಸಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ನೀವೇ ಹೇಳಿಕೊಡಬೇಕು.

ಟೆಸ್ಟರ್‌ಗಳಿಗೆ ಕಳಿಸುವ ಸಂದೇಶದಲ್ಲಿ "ಬಳಸಿ ನೋಡಿ ಹೇಳಿ" ಅಂತ ಬಿಟ್ಟುಬಿಟ್ಟರೆ ಉತ್ತರ ಬರುವುದಿಲ್ಲ. ಹೀಗೆ ಬರೆಯಿರಿ:

"ಈ ವಾರ ಯಾರಿಗಾದರೂ ಏನಾದರೂ ಕೊಟ್ಟರೆ ಇದರಲ್ಲಿ ಬರೆದಿಡಿ. ಶುಕ್ರವಾರ ನಾನು ಎರಡೇ ಪ್ರಶ್ನೆ ಕೇಳ್ತೀನಿ. ಮಧ್ಯದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಆ ಸ್ಕ್ರೀನ್‌ನ ಫೋಟೋ ಕಳಿಸಿದರೆ ಸಾಕು, ವಿವರಣೆ ಬೇಡ. ಬಳಸಲೇ ಇಲ್ಲ ಅಂದರೂ ಬೇಜಾರಿಲ್ಲ, ಯಾಕೆ ಅಂತ ಒಂದು ಸಾಲು ಹೇಳಿ."

ಕೊನೆಯ ಸಾಲನ್ನು ಬಿಡಬೇಡಿ. ಬಳಸದವರು ಸಂಕೋಚಪಟ್ಟು ತಪ್ಪಿಸಿಕೊಂಡು ಓಡಾಡುತ್ತಾರೆ, ನಿಮಗೆ ಬೇಕಾದ ಉತ್ತರ ಅವರ ಹತ್ತಿರವೇ ಇರುತ್ತದೆ. ಶುಕ್ರವಾರ ಅಂದ ಮೇಲೆ ಶುಕ್ರವಾರವೇ ಕೇಳಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ತಿದ್ದಿ ಮುಂದಿನ ಬಿಲ್ಡ್‌ನಲ್ಲಿ ಕೊಟ್ಟು, "ನೀವು ಹೇಳಿದ್ದು ಸರಿಮಾಡಿದ್ದೇನೆ" ಅಂತ ಆ ವ್ಯಕ್ತಿಗೇ ತಿಳಿಸಿ. ಎರಡನೆಯ ಸಲ ಅವರು ಕೇಳದೆಯೇ ಬರೆಯುತ್ತಾರೆ.

ಸ್ಟೋರ್ ಪುಟ

ಎರಡೂ ಸ್ಟೋರ್‌ಗಳಲ್ಲಿ ಆ್ಯಪ್ ಹೆಸರಿಗೆ 30 ಅಕ್ಷರ. ಪ್ಲೇನಲ್ಲಿ ಚಿಕ್ಕ ವಿವರಣೆಗೆ 80, ಪೂರ್ತಿ ವಿವರಣೆಗೆ 4,000. ಆ್ಯಪಲ್‌ನಲ್ಲಿ ಉಪಶೀರ್ಷಿಕೆಗೆ 30, ಕೀವರ್ಡ್‌ಗಳಿಗೆ 100. ಮೊದಲ ಹಂತದಲ್ಲಿ ಬರೆದ ಒಂದನೇ ವಾಕ್ಯವನ್ನೇ ಇಲ್ಲಿ ಚಿಕ್ಕದು ಮಾಡಿ ಹಾಕಿ. ಆ್ಯಪ್ ಬಗ್ಗೆ ಮಾತಾಡುವಾಗ ಟೆಸ್ಟರ್‌ಗಳು ಯಾವ ಮಾತು ಬಳಸಿದರೋ ಅದೇ ಮಾತು ಬಳಸಿ. ಅವರು "ಕೊಟ್ಟದ್ದು ಮರೆಯದ ಹಾಗೆ" ಅಂದಿದ್ದರೆ ನೀವು "ವಸ್ತು ನಿರ್ವಹಣಾ ವ್ಯವಸ್ಥೆ" ಅಂತ ಬರೆಯಲು ಹೋಗಬೇಡಿ.

ಮೊದಲ ಎರಡು ಸ್ಕ್ರೀನ್‌ಶಾಟ್‌ಗಳಲ್ಲೇ ಮುಖ್ಯ ಕೆಲಸ ಕಾಣಬೇಕು, ಖಾಲಿ ಪಟ್ಟಿಯಲ್ಲ, ನಿಜ ಅನ್ನಿಸುವ ಡೇಟಾ ತುಂಬಿದ ಸ್ಕ್ರೀನ್. ಆ್ಯಪ್ ಏನು ಮಾಡುವುದಿಲ್ಲ ಅಂತಲೂ ವಿವರಣೆಯಲ್ಲಿ ಒಂದು ಸಾಲು ಹಾಕಿ. "ಇದು ಹಣದ ಸಾಲದ ಲೆಕ್ಕಕ್ಕಲ್ಲ" ಅಂತ ಬರೆದುಬಿಟ್ಟರೆ ಆ ನಿರೀಕ್ಷೆ ಹೊತ್ತು ಬಂದು ಒಂದು ಸ್ಟಾರ್ ಕೊಟ್ಟು ಹೋಗುವವರು ಕಡಿಮೆಯಾಗುತ್ತಾರೆ.

ಬಿಡುಗಡೆ

ಗದ್ದಲ ಬೇಡ. ಮುಂದಿನ ಮೂರು-ನಾಲ್ಕು ದಿನ ನಿಮಗೆ ಬಿಡುವಿರುವ ಸಮಯ ನೋಡಿ ಬಿಡಿ. ಪ್ರಯಾಣಕ್ಕೆ ಹೊರಡುವ ಹಿಂದಿನ ದಿನವಂತೂ ಬೇಡವೇ ಬೇಡ. ಪ್ಲೇನಲ್ಲಿ ಇಂತಿಷ್ಟು ಶೇಕಡಾ ಜನಕ್ಕೆ ಮಾತ್ರ ಅಂತ ಬಿಡುವ ಸೌಲಭ್ಯ ಅಪ್‌ಡೇಟ್‌ಗಳಿಗೆ ಇದೆ, ಮೊಟ್ಟಮೊದಲ ಬಿಡುಗಡೆಗೆ ಇಲ್ಲ. ಮೊದಲ ಸಲ ಬೇಕಾದರೆ ಕೆಲವೇ ದೇಶಗಳಿಗೆ ಬಿಟ್ಟು ನೋಡಬಹುದು. ಅಪ್‌ಡೇಟ್‌ನಲ್ಲಿ ಎಡವಟ್ಟಾದರೆ ಹಂಚಿಕೆ ನಿಲ್ಲಿಸಬಹುದು, ಆದರೆ ಈಗಾಗಲೇ ಹಾಕಿಕೊಂಡವರ ಫೋನಿನಲ್ಲಿ ಹಳೆಯದು ವಾಪಸ್ ಬರುವುದಿಲ್ಲ. ದೊಡ್ಡ ವರ್ಷನ್ ಸಂಖ್ಯೆಯ ಹೊಸ ಬಿಲ್ಡ್ ಕೊಡಲೇಬೇಕು. ಆ್ಯಪಲ್‌ನ ಹಂತಹಂತದ ಬಿಡುಗಡೆ ಏಳು ದಿನದ್ದು: 1, 2, 5, 10, 20, 50, 100 ಶೇಕಡಾ. ಅದು ತಾನಾಗಿ ಆಗುವ ಅಪ್‌ಡೇಟ್‌ಗೆ ಮಾತ್ರ, ಸ್ಟೋರ್‌ಗೆ ಹೋಗಿ ಕೈಯಾರೆ ಒತ್ತಿದವರಿಗೆ ಮೊದಲ ದಿನವೇ ಸಿಗುತ್ತದೆ.

ಜನರನ್ನು ಎಲ್ಲಿ ಹುಡುಕುವುದು? ಆ್ಯಪ್ ಮಾಡುವವರು ಸೇರುವ ಕಡೆ ಹೋದರೆ ಸಿಗುವುದು ಇನ್ನಷ್ಟು ಆ್ಯಪ್ ಮಾಡುವವರು. ಅವರು ಐಕಾನ್ ಬಗ್ಗೆ, ಅನಿಮೇಶನ್ ಬಗ್ಗೆ ಚೆಂದ ಮಾತಾಡುತ್ತಾರೆ, ನಾಳೆಯಿಂದ ಆ್ಯಪ್ ತೆರೆಯುವುದಿಲ್ಲ. ಎರವಲು ಕೊಡುವವರು ಯಾರು ಅಂತ ಯೋಚಿಸಿ: ಪುಸ್ತಕ ಓದುವ ಗುಂಪುಗಳು, ಕ್ಯಾಮೆರಾ ಲೆನ್ಸ್ ಹಂಚಿಕೊಳ್ಳುವವರು, ಉಪಕರಣ ಇಟ್ಟುಕೊಂಡು ಮನೆಯಲ್ಲೇ ಮರಗೆಲಸ ಮಾಡುವವರು. ಅಲ್ಲಿಗೆ ಹೋಗಿ. ಲಿಂಕ್ ಎಸೆದು ಬರಬೇಡಿ, ಮೊದಲು ಅಲ್ಲಿನ ನಿಯಮ ಓದಿ, ಒಂದು ತೊಂದರೆಯ ಬಗ್ಗೆ ಮಾತು ಶುರು ಮಾಡಿ.

ರಿವ್ಯೂ ಕೇಳುವುದು

ಎರಡೂ ಪ್ಲಾಟ್‌ಫಾರ್ಮ್‌ಗಳಲ್ಲಿ ಆ್ಯಪ್ ಒಳಗಿಂದಲೇ ರೇಟಿಂಗ್ ಕೇಳುವ ಅಧಿಕೃತ ಪೆಟ್ಟಿಗೆ ಇದೆ. ಆ್ಯಪಲ್‌ನಲ್ಲಿ ಅದು 365 ದಿನಗಳಲ್ಲಿ ಹೆಚ್ಚೆಂದರೆ ಮೂರು ಸಲ ಕಾಣಿಸುತ್ತದೆ, ಗೂಗಲ್‌ನಲ್ಲಿಯೂ ಮಿತಿ ಇದೆ. ಹಾಗಾಗಿ ಅದನ್ನು "ರೇಟ್ ಮಾಡಿ" ಬಟನ್ನಿಗೆ ಕಟ್ಟಬೇಡಿ. ಕೆಲವೊಮ್ಮೆ ಒತ್ತಿದರೂ ಏನೂ ಬರುವುದಿಲ್ಲ, ಬಳಕೆದಾರರು ಆ್ಯಪ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಲಸ ಒಂದು ಮುಗಿದ ಗಳಿಗೆಯಲ್ಲಿ ತೋರಿಸಿ. ನಮ್ಮ ಆ್ಯಪ್‌ನಲ್ಲಾದರೆ, ವಸ್ತು ವಾಪಸ್ ಬಂತು ಅಂತ ಎರಡನೆಯ ಸಲ ಗುರುತು ಹಾಕಿದ ಮೇಲೆ.

"ಆ್ಯಪ್ ಇಷ್ಟವಾಯಿತಾ?" ಅಂತ ಮೊದಲು ಕೇಳಿ, ಹೌದು ಅಂದವರನ್ನು ಮಾತ್ರ ಸ್ಟೋರ್‌ಗೆ ಕಳಿಸುವ ಉಪಾಯ ಎಲ್ಲೆಡೆ ಕಾಣುತ್ತದೆ. ಪೆಟ್ಟಿಗೆಗೆ ಮೊದಲು ಅಂಥ ಪ್ರಶ್ನೆ ಕೇಳಬಾರದು ಅಂತ ಗೂಗಲ್‌ನ ಸೂಚನೆಗಳಲ್ಲೇ ಇದೆ. ದುಡ್ಡಿಗೋ ಬಹುಮಾನಕ್ಕೋ ರೇಟಿಂಗ್ ಕೊಡಿಸುವುದು ಎರಡೂ ಕಡೆ ನಿಷಿದ್ಧ. ಅದು ಬಿಡಿ, ಐದು ಸ್ಟಾರ್‌ನಿಂದ ಕಲಿಯಲು ಏನೂ ಇಲ್ಲ ಅಲ್ವಾ?

ಕೆಟ್ಟ ರಿವ್ಯೂ ಬಂದ ದಿನವೇ ಉತ್ತರಿಸಬೇಡಿ, ಸಿಟ್ಟು ಇಳಿಯಲಿ. ಪ್ಲೇನಲ್ಲಿ ಉತ್ತರಕ್ಕೆ 350 ಅಕ್ಷರ ಮಿತಿ, ಅಷ್ಟರಲ್ಲಿ ವಾದ ಮಾಡಲು ಆಗುವುದೂ ಇಲ್ಲ. ಏನಾಯಿತು ಅಂತ ಅರ್ಥವಾಗಿದ್ದರೆ ಯಾವ ವರ್ಷನ್‌ನಲ್ಲಿ ಸರಿಯಾಗುತ್ತದೆ ಅಂತ ಹೇಳಿ. ಅರ್ಥವಾಗದಿದ್ದರೆ ಒಂದು ಪ್ರಶ್ನೆ ಕೇಳಿ, ಇಮೇಲ್ ಕೊಡಿ. ಸರಿಮಾಡಿದ ಮೇಲೆ ಅದೇ ಉತ್ತರವನ್ನು ತಿದ್ದಿ ಬರೆಯಬಹುದು.

ಬಂದದ್ದನ್ನು ಜರಡಿ ಹಿಡಿಯುವುದು

ಎಲ್ಲವನ್ನೂ ಒಂದೇ ಶೀಟ್‌ನಲ್ಲಿ ಹಾಕಿ: ತಾರೀಕು, ಯಾರು, ಅವರದೇ ಮಾತು, ಆಗ ಏನು ಮಾಡಲು ಹೊರಟಿದ್ದರು. ಕೊನೆಯ ಕಾಲಂ ಖಾಲಿ ಇದ್ದರೆ ಕೇಳಿ ತುಂಬಿಸಿ. "ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಬೇಕು" ಅಂತ ಒಬ್ಬರು ಬರೆಯುತ್ತಾರೆ. ಯಾಕೆ ಅಂತ ಕೇಳಿದರೆ ಫೋನ್ ಬದಲಿಸುತ್ತಿದ್ದಾರೆ, ಪಟ್ಟಿ ಹೋಗಿಬಿಡುತ್ತದೆ ಅಂತ ಭಯ. ಆಗ ಬೇಕಾದದ್ದು ಬ್ಯಾಕಪ್, ಎಕ್ಸೆಲ್ ಅಲ್ಲ. ಜನ ಪರಿಹಾರವನ್ನು ಕೇಳುತ್ತಾರೆ, ಅದರ ಹಿಂದಿನ ತೊಂದರೆಯನ್ನು ನೀವೇ ಅಗೆದು ತೆಗೆಯಬೇಕು.

ಯಾವುದು ಮೊದಲು? ಡೇಟಾ ಕಳೆದುಹೋಗುವ ಬಗ್ ಇದ್ದರೆ ಉಳಿದದ್ದೆಲ್ಲ ಪಕ್ಕಕ್ಕಿಡಿ. ಆಮೇಲೆ ಕ್ರ್ಯಾಶ್. ಪ್ಲೇ ಕನ್ಸೋಲ್‌ನ (ಡೆವಲಪರ್‌ಗಳು ಆ್ಯಪ್ ನೋಡಿಕೊಳ್ಳುವ ಗೂಗಲ್ ಪುಟ) ಆಂಡ್ರಾಯ್ಡ್ ವೈಟಲ್ಸ್ ಅನ್ನುವ ಗುಣಮಟ್ಟದ ವರದಿಯಲ್ಲಿ ಬಳಕೆದಾರರಿಗೆ ಕಾಣುವ ಕ್ರ್ಯಾಶ್ 1.09% ಮುಟ್ಟಿದರೆ, ಆ್ಯಪ್ ಸ್ತಬ್ಧವಾಗುವುದು 0.47% ಮುಟ್ಟಿದರೆ ಕೆಟ್ಟ ಗುಣಮಟ್ಟ ಅಂತ ಲೆಕ್ಕ, ಸ್ಟೋರ್‌ನಲ್ಲಿ ನೀವು ಕಾಣುವುದೂ ಕಡಿಮೆಯಾಗಬಹುದು. ಅದರ ನಂತರ ಜನ ಸಿಕ್ಕಿಹಾಕಿಕೊಳ್ಳುವ ಜಾಗಗಳು. ಹೊಸ ಫೀಚರ್ ಬೇಡಿಕೆ ಕೊನೆಗೆ. ಅದರಲ್ಲೂ ಆ್ಯಪನ್ನು ಈಗಾಗಲೇ ಬಳಸುತ್ತಿರುವವರ ಬೇಡಿಕೆಗೆ ತೂಕ ಜಾಸ್ತಿ. "ಇದು ಇದ್ದಿದ್ದರೆ ಬಳಸ್ತಿದ್ದೆ" ಅನ್ನುವವರು ಅದನ್ನು ಹಾಕಿಕೊಟ್ಟರೂ ಸಾಮಾನ್ಯವಾಗಿ ಬರುವುದಿಲ್ಲ.

ಮಾತು ಮತ್ತು ನಡೆ ಹೊಂದದಿದ್ದಾಗ ನಡೆಯನ್ನು ನಂಬಿ. ನೆನಪಿಸುವ ಸಂದೇಶ ತುಂಬಾ ಉಪಯೋಗ ಅಂತ ಎಲ್ಲರೂ ಹೇಳುತ್ತಿರುತ್ತಾರೆ, ಈವೆಂಟ್ ತೆರೆದು ನೋಡಿದರೆ ಅದನ್ನು ಒತ್ತಿ ಒಳಗೆ ಬಂದವರೇ ಇಲ್ಲ. ಸಂದೇಶ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿರಬಹುದು, ಅಥವಾ ಓದಿದರೆ ಸಾಕು, ಒತ್ತುವ ಅಗತ್ಯವೇ ಇಲ್ಲದಿರಬಹುದು. ಇಂಥ ಕಡೆ ಇಬ್ಬರು-ಮೂವರಿಗೆ ಬರೆದು "ಕೊನೆಯ ಸಲ ಆ ಸಂದೇಶ ಬಂದಾಗ ಏನು ಮಾಡಿದಿರಿ?" ಅಂತ ಕೇಳಿದರೆ ಬಗೆಹರಿಯುತ್ತದೆ.

ಏನೂ ಬರದಿದ್ದರೆ

ಸಣ್ಣ ಆ್ಯಪ್‌ಗಳಿಗೆ ಜಾಸ್ತಿ ಆಗುವುದು ಇದೇ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ಆಗ ಫೀಚರ್ ಸೇರಿಸಲು ಓಡಬೇಡಿ, ಎಲ್ಲಿ ಕಡಿದುಹೋಗಿದೆ ಅಂತ ಹುಡುಕಿ. ಸ್ಟೋರ್ ಪುಟಕ್ಕೇ ಜನ ಬರುತ್ತಿಲ್ಲ ಅಂದರೆ ಹುಡುಕಬೇಕಾದ ಜಾಗದಲ್ಲಿ ನೀವು ಇನ್ನೂ ಹುಡುಕಿಲ್ಲ. ಪುಟ ನೋಡಿ ಹಾಕಿಕೊಳ್ಳದೆ ಹೋಗುತ್ತಿದ್ದರೆ ಸ್ಕ್ರೀನ್‌ಶಾಟ್ ಮತ್ತು ಮೊದಲ ಸಾಲು ಬದಲಿಸಿ. ಹಾಕಿಕೊಂಡು ಮೊದಲ ವಸ್ತು ಸೇರಿಸದೆ ಬಿಡುತ್ತಿದ್ದರೆ ಮತ್ತೆ ಐದು ಜನರ ಪಕ್ಕ ಹೋಗಿ ಕೂರಿ. ಒಂದು ಸೇರಿಸಿ ಎರಡನೆಯದು ಸೇರಿಸದೆ ಹೋಗುತ್ತಿದ್ದಾರಾ? ಹಾಗಿದ್ದರೆ ತೊಂದರೆ ಆ್ಯಪ್‌ನಲ್ಲಿ ಇಲ್ಲದೆಯೂ ಇರಬಹುದು. ಅವರು ವರ್ಷಕ್ಕೆ ಎರಡು ಸಲ ಮಾತ್ರ ಏನಾದರೂ ಎರವಲು ಕೊಡುವವರಾಗಿರಬಹುದು. ಪದೇ ಪದೇ ಕೊಡುವವರು ಯಾರು ಅಂತ ಹುಡುಕಿ, ಅವರಲ್ಲಿ ಮೂವರನ್ನು ಹಿಡಿದು, ಈಗ ಅದನ್ನೆಲ್ಲ ಎಲ್ಲಿ ಬರೆದಿಡುತ್ತಾರೆ ಅಂತ ತೋರಿಸಲು ಹೇಳಿ.